ಮುಳ್ಳಿನ ಸುಳ್ಳು

ಮಂಗಳವಾರ ನಮ್ಮ ವಿಸ್ತರಣಾ ಕಚೇರಿಯ ಹಿಂಬಾಗಿಲು ತೆರೆದೇ ಇರುತ್ತದೆ.
ಕೆಂಟಕಿಯ ಈ ಗುಡ್ಡಗಳಲ್ಲಿ ಜುಲೈ ಎಂದರೆ ಹುರುಳಿಕಾಯಿ,
ಹುರುಳಿಕಾಯಿ ಎಂದರೆ ಗಾಜಿನ ಜಾಡಿ,
ಜಾಡಿ ಎಂದರೆ ಅಜ್ಜಿಯರ ಕಾಲದ ಹಂಡೆಯಂಥ ಕುಕ್ಕರು.
ಮುಚ್ಚಳ ತಂದರೆ ಸಾಕು ಅಂತ ಬೋರ್ಡು ಹಾಕಿದ್ದೇನೆ.
ಆದರೂ ಕೆಲವರು ಇಡಿಯಾಗಿ ಹೊತ್ತು ತರುತ್ತಾರೆ,
ಜ್ವರ ಬಂದ ಕೂಸನ್ನು ಡಾಕ್ಟರ ಹತ್ತಿರ ತಂದ ಹಾಗೆ.

ಒಬ್ಬ ಒದ್ದೆ ಪೇಪರಿನಲ್ಲಿ ಸುತ್ತಿದ ಟೊಮೆಟೊ ಎಲೆ ತಂದಿದ್ದಾನೆ,
ಎಲೆಗೆ ಏನಾಗಿದೆ ಅಂತ ನನ್ನನ್ನು ಕೇಳದೆ ಗೋಡೆಯನ್ನು ಕೇಳುತ್ತಾನೆ.
ಒಬ್ಬಳು ತಾಯಿ ಬಾಗಿಲಲ್ಲೇ ನಿಂತು ಜಗಳಕ್ಕೆ:
"ಶಾಲೆಯಲ್ಲಿ ನವಿಲುಕೋಸು ತಿನ್ನಿಸಿದ್ದು ನೀನೇನಾ?
ಮಗ ಈಗ ಮನೆಯಲ್ಲೂ ಬೇಕು ಅಂತಾನೆ.
ಅಂಗಡಿ ನಲವತ್ತು ಮೈಲಿ. ಎಲ್ಲಿಂದ ತರಲಿ?"
ಬೀಜದ ಪೊಟ್ಟಣ ಕೊಟ್ಟೆ. ತೆಗೆದುಕೊಂಡಳು.
ಜಗಳ ಮಾತ್ರ ಮುಗಿಸಲಿಲ್ಲ.

ಆಮೇಲೆ ಓಮಾ ಸ್ಟಿಡಮ್, ಎಪ್ಪತ್ತೊಂಬತ್ತು ವರ್ಷ,
ಅತ್ತೆಯಿಂದ ಬಂದ ಮುಚ್ಚಳ ಎದೆಗವಚಿಕೊಂಡು.
ಪರೀಕ್ಷೆ ಮಾಡುವವಳು ನಾನಲ್ಲ, ರೇಲಿನ್,
ನಮ್ಮ ಮಕ್ಕಳ ಕ್ಲಬ್ಬಿನವಳು, ಹದಿನಾಲ್ಕು ತುಂಬಿಲ್ಲ,
ಉಗುರಿಗೆ ನೀಲಿ ಬಣ್ಣ, ಅರ್ಧ ಕಿತ್ತುಹೋಗಿದೆ.
ಗಾಳಿ ಒತ್ತಿದಳು. ಕಚೇರಿಯ ಮುಳ್ಳು ಎಂಟಕ್ಕೆ ನಿಂತಿತು.
ಓಮಾಳ ಮುಳ್ಳು ಹನ್ನೊಂದಕ್ಕೆ.
ಇನ್ನೊಮ್ಮೆ ಒತ್ತಿದಳು. ಮತ್ತೊಮ್ಮೆ.
ನನ್ನತ್ತ ನೋಡಿದಳು. ನಾನು ಟೊಮೆಟೊ ಎಲೆ ನೋಡುತ್ತಿದ್ದೆ, ಬೇಕೆಂದೇ.

"ಅಜ್ಜಿ, ಇದು ಮೂರು ಪೌಂಡು ಸುಳ್ಳು ಹೇಳ್ತಿದೆ."

"ನಲವತ್ತು ವರ್ಷದಲ್ಲಿ ಯಾರೂ ಸತ್ತಿಲ್ಲ," ಅಂದಳು ಓಮಾ.
"ಯಾವತ್ತೂ ಹತ್ತು ನಿಮಿಷ ಜಾಸ್ತಿನೇ ಬೇಯಿಸೋದು ನಾನು."
ಒತ್ತಡದ ಸಾಲವನ್ನು ಸಮಯ ತೀರಿಸುವುದಿಲ್ಲ,
ಇದು ನನ್ನ ಕರಪತ್ರದ ಮೂರನೇ ಪುಟದಲ್ಲಿದೆ.
ಓದಿ ಹೇಳಲು ಬಾಯಿ ಬರಲಿಲ್ಲ.
ರೇಲಿನ್ ಕೇಳಿದಳು: "ಈ ವರ್ಷದ್ದು ಎಷ್ಟಿವೆ?"

ಅರವತ್ತೆರಡು.
ಕೊಳ್ಳದ ಕೊನೆಯ ಮನೆ, ನೆಲಮಾಳಿಗೆಗೆ ಏಳು ಮೆಟ್ಟಿಲು,
ಬಲ್ಬಿನ ಕೆಳಗೆ ಹಸಿರು ಸಾಲು ಸಾಲು, ಮುಚ್ಚಳಗಳ ಮೇಲೆ ತಾರೀಖು.
ತೆರೆಯಬಾರದು, ಮೂಸಬಾರದು, ರುಚಿ ನೋಡಲೇಬಾರದು.
ಜಾಡಿ ಸಮೇತ ಚೀಲಕ್ಕೆ, ಆ ಚೀಲ ಇನ್ನೊಂದು ಚೀಲಕ್ಕೆ.
ಓಮಾ ಅಳಲಿಲ್ಲ. ಎಣಿಸಿದಳು,
ಪ್ರತಿಯೊಂದನ್ನೂ, ಜೋರಾಗಿ.
ಐವತ್ತರ ಹತ್ತಿರ ರೇಲಿನ್ ದನಿಯೂ ಸೇರಿತು.

ಮೂಲೆಯಲ್ಲೊಂದು ಉಳಿಯಿತು, ಕಾಯಿ ಬೂದಿಬಣ್ಣ, ಮುಚ್ಚಳಕ್ಕೆ ತುಕ್ಕು,
ಕೈಬರಹ ಬೇರೆಯವರದು.
ನಾನು ಕೈ ಚಾಚಿದೆ.
"ಅದು ತಿನ್ನೋಕೆ ಇಟ್ಟಿದ್ದಲ್ಲ," ಅಂದಳು.
ಕೈ ಹಿಂದಕ್ಕೆ ಎಳೆದುಕೊಂಡೆ. ಇದಕ್ಕೆ ಕರಪತ್ರದಲ್ಲಿ ಪುಟವಿಲ್ಲ.

ತಿಂಗಳ ವರದಿಯಲ್ಲಿ ಒಂದು ಕಲಮು:
ಎಷ್ಟು ಜನರನ್ನು ತಲುಪಿದಿರಿ?
ಒಂದು ಅಂತ ಬರೆದೆ.
ರೇಲಿನ್ ಭುಜದ ಮೇಲಿಂದ ಇಣುಕಿ, "ಎರಡು," ಅಂದಳು.
ಯಾರು ಎರಡನೆಯವರು ಅಂತ ಕೇಳಲಿಲ್ಲ ನಾನು,
ನಾನೇ ಇರಬಹುದು ಅನ್ನುವ ಅನುಮಾನದಿಂದ.

ಮುಂದಿನ ಮಂಗಳವಾರ ಹೊಸ ಗೇಜು ಬಂತು, ಹದಿನೆಂಟು ಡಾಲರು.
ಹಳೆಯದನ್ನು ಓಮಾ ವಾಪಸು ಕೇಳಿದಳು:
"ಸುಳ್ಳು ಹೇಳಿದರೂ ಮನೆಯದು, ಗೋಡೆಗೆ ಹಾಕ್ತೀನಿ."
ಹೊರಟವಳು ತಿರುಗಿದಳು. ಬ್ರೆಡ್ಡಿನ ಖಾಲಿ ಪೊಟ್ಟಣ ಮೇಜಿನ ಮೇಲಿಟ್ಟಳು,
ಒಳಗೆ ಎರಡು ಹಿಡಿ ಮಣ್ಣು, ತೋಟದ್ದು, ಇನ್ನೂ ಹಸಿ.
ನನ್ನ ಕಡೆ ನೋಡಲಿಲ್ಲ, ರೇಲಿನ್ ಕಡೆ ನೋಡಿದಳು:

"ಇದು ಏನಂತದೋ ಅದನ್ನೂ ಕೇಳು ಮಗಾ,
ನನ್ನ ಹತ್ತಿರ ಬರೀ ನಿಜ ಹೇಳ್ತಾ ಬಂದಿದೆ ಅಂದ್ಕೊಂಡಿದೀನಿ."