ಹೋಲಿಸಿ ಬರೆಯಿರಿ, ಐದು ಅಂಕ

ಪ್ರಶ್ನೆ ನನ್ನದೇ. ಒಂಬತ್ತನೇ ತರಗತಿ, ಅರ್ಧವಾರ್ಷಿಕ,
ಬಾಳೆಲೆಯ ಶಾಲೆ.
ಒಂದೇ ಕಾಳಗ, ಎರಡು ಪಠ್ಯ:
ದುಡಿ ಬಡಿದು ಹಾಡುವ ನಮ್ಮ ಕಡೆಯ ಹಾಡು,
ಬಿಳಿ ಅಧಿಕಾರಿ ಮೇಲಿನವರಿಗೆ ಬರೆದ ವರದಿ.

ಮೂವತ್ತೊಂದು ಉತ್ತರ ಪತ್ರಿಕೆ.
ಎಲ್ಲರೂ ಸ್ಕೇಲಿಟ್ಟು ನಡುವೆ ಗೆರೆ ಎಳೆದಿದ್ದಾರೆ,
ಎಡಕ್ಕೆ ಹಾಡು, ಬಲಕ್ಕೆ ವರದಿ,
ನಾನು ಹೇಳಿಕೊಟ್ಟ ಹಾಗೆಯೇ.
ಹಾಡಿನಲ್ಲಿ ಹೊಳೆ ಕೆಂಪಾಯಿತು,
ವರದಿಯಲ್ಲಿ ಹೊಳೆಯ ಆಳ ನಾಲ್ಕೂವರೆ ಅಡಿ.
ಹಾಡಿನಲ್ಲಿ ಕೋವಿಗೊಂದು ಹೆಸರು,
ವರದಿಯಲ್ಲಿ ಕೋವಿಗೊಂದು ಬೆಲೆ.
ಹಾಡಿನಲ್ಲಿ ಮಳೆ ಅತ್ತಿತು,
ವರದಿಯಲ್ಲಿ ಮಳೆಗೆ ಮದ್ದು ನೆನೆದು
ನಷ್ಟ ಹನ್ನೆರಡು ರೂಪಾಯಿ ನಾಲ್ಕಾಣೆ.
ಸತ್ತವನನ್ನು ಹಾಡು ಹೊಗಳುತ್ತದೆ, ರಾತ್ರಿಯಿಡೀ.
ವರದಿಯೂ ಹೊಗಳುತ್ತದೆ,
ಕೊಂದಾದ ಮೇಲೆ, ಒಂದು ಸಾಲು.

ಪೂಣಚ್ಚನ ಮಗ
'ಸಾಮ್ಯ: ಎರಡರಲ್ಲೂ ಮಳೆ' ಎಂದು ಬರೆದು ನಿಲ್ಲಿಸಿದ್ದಾನೆ.
ತಪ್ಪೇನಿಲ್ಲ. ಒಂದು ಅಂಕ.

ಆ ಸತ್ತವನು ನನ್ನ ತವರಿನ ಒಕ್ಕದವನು.
ಐನ್‌ಮನೆಯ ಕೈಮಡದಲ್ಲಿ ಅವನಿಗೆ ಈಗಲೂ
ವರ್ಷಕ್ಕೊಮ್ಮೆ ಎಡೆ, ಒಂದು ಕುಡ್ತೆ ಸಾರಾಯಿ.
ಇದನ್ನು ತರಗತಿಯಲ್ಲಿ ಹೇಳಿಲ್ಲ.
ಹೇಳಿಲ್ಲ ಅಂದುಕೊಂಡಿದ್ದೆ;
ಹಾಡು ಓದುವಾಗ ಟೀಚರ ದನಿ ದಪ್ಪವಾಗುತ್ತದೆಂದು
ಹಿಂದಿನ ಬೆಂಚಿನವರು ಅಣಕಿಸಿ ತೋರಿಸುತ್ತಾರಂತೆ.

ಇಪ್ಪತ್ತೆರಡನೇ ಪತ್ರಿಕೆ, ಯರವರ ಹಾಡಿಯ ಮುತ್ತಿ.
ಗೆರೆ ಅವಳೂ ಎಳೆದಿದ್ದಾಳೆ,
ಆದರೆ ಬರೆದದ್ದು ಗೆರೆಯ ಮೇಲೆಯೇ, ಈ ಅಂಚಿನಿಂದ ಆ ಅಂಚಿಗೆ:
'ಹಾಡಿನಲ್ಲಿ ಮದ್ದಿನ ಚಿಲ ಬರುತ್ತದೆ.
ವರದಿಯಲ್ಲೂ ಚಿಲ ಬರುತ್ತದೆ. ಹೊತ್ತವನು ಎರಡರಲ್ಲೂ ಬರುವುದಿಲ್ಲ.
ಚಿಲ ತಾನೇ ನಡೆಯುವುದಿಲ್ಲ.
ಹೊತ್ತವನು ನಮ್ಮವನು ಎಂದು ಅಜ್ಜಿ ಹೇಳುತ್ತದೆ.
ಹೆಸರು ಅಜ್ಜಿಗೂ ಗೊತ್ತಿಲ್ಲ.'

ಮಾದರಿ ಉತ್ತರ ತೆಗೆದು ನೋಡಿದೆ.
ನಾಲ್ಕು ಅಂಶಕ್ಕೆ ನಾಲ್ಕು, ಭಾಷೆಗೆ ಒಂದು.
ಯಾವ ಅಂಶಕ್ಕೂ ಇದು ಕೂರಲಿಲ್ಲ.
ಚೀಲಕ್ಕೆ ದೀರ್ಘ ಬಿಟ್ಟಿದ್ದಳು, ಮೂರು ಕಡೆ.
ಕೆಂಪು ಶಾಯಿಯಲ್ಲಿ ಸುತ್ತು ಹಾಕಿದೆ,
ಸುತ್ತು ಹಾಕುವುದು ಸುಲಭ.
ಆಮೇಲೆ ನೆನಪಾಯಿತು, ನಾನೇ ಕಲಿಸಿದ ಛಂದಸ್ಸು:
ದೀರ್ಘವಿದ್ದರೆ ಗುರು, ಇಲ್ಲದಿದ್ದರೆ ಲಘು.
ಪೆನ್ನಿನ ಮುಚ್ಚಳ ಹಾಕಿದೆ.

ಹೆಡ್‌ಮಾಸ್ಟರು ಅಂಕಪಟ್ಟಿ ಕೇಳಿದರು, ಎರಡು ಸಲ.
ಮೂವತ್ತು ಜನರದ್ದು ಕೊಟ್ಟೆ.

ಹುತ್ತರಿಗೆ ತವರಿಗೆ ಹೋದೆ. ಕದಿರು ತೆಗೆದಾಗಿತ್ತು,
ಅಂಗಳದಲ್ಲಿ ಐಯಣ್ಣ ಮಾವ ಬೆಂಕಿಗೆ ಹಿಡಿದು
ದುಡಿಯ ತೊಗಲು ಬಿಸಿ ಮಾಡುತ್ತಿದ್ದರು.
ಕೇಳಿದೆ: ಮಾವ, ಆ ಹಾಡಿಗೆ ಒಂದು ಸಾಲು ಸೇರಿಸಲಾದೀತೇ?
ಅವರು ಸಿಟ್ಟಾಗಲಿಲ್ಲ.
'ನಾವು ಇಬ್ಬರು ಹೆಸರು ಹೇಳಬೇಕು,
ಆ ಇಬ್ಬರು ಅದನ್ನು ಎತ್ತಿಕೊಳ್ಳಬೇಕು. ಹಾಡು ನಡೆಯುವುದು ಹಾಗೆ.
ಹೆಸರಿಲ್ಲದವನನ್ನು ಯಾರಿಂದ ಯಾರಿಗೆ ಕೊಡಲಿ, ಮೋಳೆ?'
ದುಡಿಗೆ ಬೆರಳು ತಾಗಿಸಿದರು, ಬಿಗಿಯಾಗಿರಲಿಲ್ಲ,
ಮತ್ತೆ ಬೆಂಕಿಗೆ ಹಿಡಿದರು.
ಹಂದಿ ಬೇಯುವ ವಾಸನೆ, ಮಕ್ಕಳ ಪಟಾಕಿ.
ಊಟಕ್ಕೆ ಏಳುವಾಗ, ಬೇರೇನೋ ಮಾತಿನ ನಡುವೆ:
'ಎಷ್ಟು ಭಾರ ಇತ್ತಂತೆ ಆ ಚೀಲ?'

ಸೋಮವಾರ ಬಿಸಿಯೂಟದ ತಟ್ಟೆ ತೊಳೆಯುತ್ತಿದ್ದ ಮುತ್ತಿಯನ್ನು ಕೇಳಿದೆ.
ಮರುದಿನ ಅಜ್ಜಿಯ ಉತ್ತರ ತಂದಳು:
'ಇಳಿಸಿದವರಿಗೆ ಗೊತ್ತಿರ್ತದೆ ಅಂತೆ, ಟೀಚರ್.'
ಸ್ವಲ್ಪ ಹೊತ್ತು ನಿಂತಳು.
'ನನಗೆಷ್ಟು ಕೊಟ್ಟಿರಿ?'

ಬ್ಯಾಗಿನಿಂದ ಪತ್ರಿಕೆ ತೆಗೆದು ಕೊಟ್ಟೆ.
ಮೊದಲು ದೀರ್ಘ ಹಾಕು, ಅಂದೆ.
ನೀರಿನ ಕೈ ಲಂಗಕ್ಕೆ ಒರೆಸಿ, ನಲ್ಲಿಯ ಕಟ್ಟೆಯ ಮೇಲೇ ಇಟ್ಟು
ಮೂರೂ ಕಡೆ ಹಾಕಿದಳು,
ಹಾಳೆಯ ಬೆನ್ನಿಗೆ ಮೂಡುವಷ್ಟು ಒತ್ತಿ.