ತಲೆಯಿಲ್ಲದ್ದು

ಹದಿನಾಲ್ಕು ದಿನ ಪುಕ್ಕಟೆ. ಇಂದು ಹನ್ನೆರಡನೆಯದು.
ಗದಗಿನ ಸ್ಟೇಶನ್ ರೋಡಿನ ಹಳೇ ಛಾಪಖಾನೆಯ ಅಟ್ಟದ ಮೇಲೆ
ನಾನು, ಲ್ಯಾಪ್‌ಟಾಪು, ಅರ್ಧ ಲೋಟ ಚಹಾ,
ಮೋಡದಲ್ಲೆಲ್ಲೋ ಬಾಡಿಗೆಗಿರುವ ಒಂದು ಉಗ್ರಾಣ.

"ತಲಿನ ಇಲ್ಲಂತಿ, ಮತ್ತ ಮಾರಿ ಎಲ್ಲೈತಿ?"
ಕೇಳಿ, ಇಳಿದೇ ಹೋದರು ಮಾಲಕರು ಕಳಕಪ್ಪ.
ಮಾರಿ ನಾನ ಬರೀಬೇಕ್ರೀ, ಅಂದೆ, ಮೆಟ್ಟಿಲಿಗೆ.

ಪರೀಕ್ಷೆಗೆ ತುಂಬಿದ್ದು ಬರುವ ವರ್ಷದ ಕ್ಯಾಲೆಂಡರ್:
ತಿಥಿಗೊಂದು ಕಾಲಂ, ಅಮಾವಾಸ್ಯೆಗೊಂದು ಟಿಕ್ಕು,
ಸಂತೆಯ ವಾರಕ್ಕೆ ಬೇರೆ ಮನೆ.
ಕೇಳಿದರೆ ಚಟ್ಟನೆ ಕೊಡುತ್ತದೆ, ಫೋನಿಗೂ, ಗೋಡೆಯ ಹಾಳೆಗೂ.
'ಕಾರ್ತಿಕ' ಮಾತ್ರ ವಿಳಾಸದ ಪಟ್ಟಿಗೆ ಬಂದೊಡನೆ
ಶೇಕಡಾ ಚಿಹ್ನೆಗಳ ಮುಳ್ಳುಬೇಲಿ.
ಬರೆದುಕೊಂಡೆ. ದರವನ್ನೂ:
ತಲೆಗಿಷ್ಟು ಡಾಲರು.
ತಲೆಯಿಲ್ಲದ್ದಕ್ಕೆ.

ದಾವಲಸಾಬ ನದಾಫರು ನಲವತ್ತು ವರ್ಷ ಮೊಳೆ ಜೋಡಿಸಿದವರು.
ಕನ್ನಡಕ ಹಣೆಗೇರಿಸಿ ಪರದೆಗೆ ಬಾಗಿದರು.
"ನಮ್ಮ ಕೇಸಿನ್ಯಾಗೂ ತಲಿ ಇದ್ದಿಲ್ಲ ಬಿಡವಾ.
'ಕ' ಒಂದು ಮನ್ಯಾಗ, ಅದರ ಒತ್ತು ಇನ್ನೊಂದ್ರಾಗ.
ಲಗ್ನಪತ್ರನೋ ಪುಣ್ಯತಿಥಿ ಕಾರ್ಡೋ
ಮೊಳಿಗೇನ್ ಗೊತ್ತು?"

ಇಳಿಯುವಾಗ ನಿಂತರು.
"ಜೋಡಸೋದು ಸಸಾರ. ಬಿಚ್ಚಾಕ ಬರತೈತೇನು?
ನಮಗ ಸಂಜಿಕ ಎಲ್ಲಾ ಬಿಚ್ಚಿ, ತೊಳದು,
ಅಕ್ಷರ ಅದರದರ ಮನಿಗೆ ಹೋದ ಮ್ಯಾಲನ ಬಾಗಲಾ ಮುಚ್ಚೋದು."

ಹನ್ನೆರಡು ದಿನ ಒಳಗೆ ಹಾಕುವುದನ್ನೇ ಅಳೆದಿದ್ದೆ.
ಹೊರತೆಗೆಯುವ ಗುಂಡಿ ಹುಡುಕಿದೆ. ಮೂರನೆಯ ಮೆನುವಿನ ತಳದಲ್ಲಿತ್ತು,
ಬೂದು ಬಣ್ಣ, ಪಕ್ಕಕ್ಕೊಂದು ಪುಟ್ಟ ಬೀಗ.

ಕೆಳಗೆ ಯಾರೋ ಕಾಗದ ಕತ್ತರಿಸುವ ಯಂತ್ರ ಚಾಲೂ ಮಾಡಿದರು.
ಅಟ್ಟದ ಹಲಗೆ ನಡುಗಿತು.
ಆರಿದ ಚಹಾದ ಮೇಲೆ ಸಣ್ಣ ಸಣ್ಣ ಬಳೆ.