ಓರೆ ಬಿಸಿಲು

ಬಿಳಿ ಕಾರಾದರೆ ಬದುಕಿದೆ. ಕಪ್ಪು ಬಂತೆಂದರೆ
ಗುತ್ತಲು ರಸ್ತೆಯ ನಮ್ಮ ಶೆಡ್ಡಿನಲ್ಲಿ ಮಾತು ನಿಲ್ಲುತ್ತದೆ.
ಕಪ್ಪು ಯಾವುದನ್ನೂ ಮುಚ್ಚಿಡುವುದಿಲ್ಲ:
ಒಣಬಟ್ಟೆಯಲ್ಲಿ ಧೂಳು ಒರೆಸಿದ ಡ್ರೈವರನ ಅವಸರ,
ರಾತ್ರಿ ಬೆಕ್ಕು ಇಳಿದುಹೋದ ದಾರಿ,
ಫ್ಯಾಕ್ಟರಿ ಗೇಟಿನ ಹತ್ತಿರ ಲಾರಿಯ ಪಕ್ಕ ನುಸುಳುವಾಗ
ಹೊರಚಾಚಿದ ಕಬ್ಬಿನ ಜಲ್ಲೆ ಎಳೆದ ಉದ್ದ ಗೆರೆ.

ಅಫ್ಸರಣ್ಣ ಹೇಳಿಕೊಟ್ಟದ್ದು ಇಷ್ಟೇ:
ಉಗುರು ಆಡಿಸಿ ನೋಡ್ಲಾ.
ಸಿಕ್ಕೊಂಡ್ರೆ ಗಾಯ ಆಳ, ಒಪ್ಕೊ, ಗಿರಾಕಿಗೂ ಹೇಳು.
ಜಾರಿದ್ರೆ ಕಾಂಪೌಂಡು, ಉಣ್ಣೆ ಚಕ್ರ, ತಾಳ್ಮೆ.
ಅಳಿಸೋದಲ್ಲ ಕಣ್ಲಾ ಇದು,
ಸುತ್ತ ಇರೋದನ್ನೆಲ್ಲ ಗೀರಿನ ಮಟ್ಟಕ್ಕೆ ಇಳಿಸೋದು.

ನಡುಹಗಲಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ.
ಐದೂವರೆಯ ಓರೆ ಬಿಸಿಲು ಬಾನೆಟ್ಟಿಗೆ ಬಿತ್ತೋ,
ಏಳುತ್ತವೆ ಎಣ್ಣೆಯಂಥ ಮಸುಕು ಪಟ್ಟೆಗಳು,
ನನ್ನ ಚಕ್ರದ್ದೇ ಸುತ್ತು ಸುತ್ತು, ಜೇಡರ ಬಲೆ.
ಮತ್ತೆ ಬಗ್ಗುತ್ತೇನೆ.
ಹೊಸ ಬಟ್ಟೆ. ಬಾಯಿಂದ ಒಂದು ಉಸಿರು ಹಬೆ.

ಮೊನ್ನೆ ರೇಷನ್ ಅಂಗಡಿಯಲ್ಲಿ
ಹೆಬ್ಬೆಟ್ಟು ಇಟ್ಟೆ. ಮಿಷನ್ನು ಒಲ್ಲೆ ಅಂತು.
ಪ್ಯಾಂಟಿಗೆ ಒರೆಸಿ ಇಟ್ಟೆ. ಎಡಗೈದು ಇಟ್ಟೆ.
‘ಗೆರೆನೇ ಇಲ್ವಲ್ಲೋ ನಿಂಗರಾಜು,
ಏನ್ ತಿಕ್ಕಿದ್ಯಪ್ಪಾ ಇಷ್ಟು ನುಣ್ಣಗೆ?’ ಅಂದಳು ಸಣ್ಣತಾಯಮ್ಮ.
ಹಿಂದೆ ಸಾಲು ಗೊಣಗುತ್ತಿತ್ತು.
ನಾನು ಬೆರಳನ್ನು ಬಾಗಿಲ ಬೆಳಕಿಗೆ
ಓರೆಯಾಗಿ ಹಿಡಿದು ನೋಡಿದೆ,
ಅಭ್ಯಾಸ.

ಒಂದು ಗೀರೂ ಇರಲಿಲ್ಲ.
ಅಕ್ಕಿಗೆ ಈಗ ಹೆಂಡತಿ ಹೋಗುತ್ತಾಳೆ.